ಕೊಲಂಬಸ್ಸಿನ ಒಂದು ನೇಮಕಾತಿ: ಓಹಾಯೋ ಸ್ಟೇಟ್ ಮತ್ತು ರಯಾನ್ ಡೇ, 2017

2017ರ ಜನವರಿಯ ಮೊದಲ ವಾರದಲ್ಲಿ ಅಮೆರಿಕದ ಕೊಲಂಬಸ್ ನಗರದಲ್ಲಿರುವ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡವು ರಯಾನ್ ಡೇ ಎಂಬ ಮೂವತ್ತೇಳು ವರ್ಷದ ತರಬೇತುದಾರರನ್ನು ಕ್ವಾರ್ಟರ್‌ಬ್ಯಾಕ್ ಕೋಚ್ ಆಗಿ ನೇಮಿಸಿಕೊಂಡಿತು. ದಾಳಿ ವಿಭಾಗದ ಸಹಸಂಯೋಜಕರೆಂಬ ಹುದ್ದೆಯೂ ಅದರೊಂದಿಗೆ ಸೇರಿತ್ತು. ಅದೇ ತಿಂಗಳಿನಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯದ ಮಾಜಿ ಮುಖ್ಯ ತರಬೇತುದಾರ ಕೆವಿನ್ ವಿಲ್ಸನ್ ದಾಳಿ ವಿಭಾಗದ ಸಂಯೋಜಕರಾಗಿ ಬಂದದ್ದರಿಂದ ಹೆಚ್ಚಿನವರ ಕಣ್ಣು ಅವರ ಮೇಲಿತ್ತು. ಇಪ್ಪತ್ಮೂರು ತಿಂಗಳ ನಂತರ ತಂಡದ ಮುಖ್ಯ ತರಬೇತುದಾರರ ಪಟ್ಟಕ್ಕೆ ಏರಿದವರು ಮಾತ್ರ ಡೇ. ಒಂದು ಸಹಾಯಕ ಹುದ್ದೆಗೆ ನಡೆದ ಆಯ್ಕೆಯು ಒಂದು ತಂಡದ ಆಟದ ಸ್ವಭಾವವನ್ನೇ ಹೇಗೆ ಬದಲಿಸಿತು, ಆ ಬದಲಾವಣೆ ಕಣ್ಣಿಗೆ ಕಾಣಲು ಎಷ್ಟು ಕಾಲ ಹಿಡಿಯಿತು, ಅದಕ್ಕೆ ತಂಡ ಏನನ್ನು ತೆರಬೇಕಾಯಿತು ಎಂಬುದನ್ನು ಪರಿಶೀಲಿಸಲು ಇದಕ್ಕಿಂತ ಸ್ಪಷ್ಟವಾದ ಪ್ರಕರಣ ನನಗೆ ತಿಳಿದಿಲ್ಲ.

ಹುದ್ದೆಯ ಸ್ವರೂಪ

ಅಮೆರಿಕನ್ ಫುಟ್‌ಬಾಲ್‌ನಲ್ಲಿ ದಾಳಿ ಮಾಡುವ ತಂಡಕ್ಕೆ ಹತ್ತು ಯಾರ್ಡ್ ಮುನ್ನಡೆಯಲು ನಾಲ್ಕು ಯತ್ನಗಳ ಅವಕಾಶವಿರುತ್ತದೆ. ಪ್ರತಿ ಯತ್ನದಲ್ಲಿಯೂ ಚೆಂಡು ಮೊದಲು ಬರುವುದು ಸಾಮಾನ್ಯವಾಗಿ ಕ್ವಾರ್ಟರ್‌ಬ್ಯಾಕ್‌ನ ಕೈಗೆ. ಅದನ್ನು ಎಸೆಯಬೇಕೆ, ಓಡುವವನ ಕೈಗಿಡಬೇಕೆ, ತಾನೇ ಹಿಡಿದು ಓಡಬೇಕೆ ಎಂಬುದನ್ನು ಅವನು ಎರಡು ಮೂರು ಸೆಕೆಂಡುಗಳಲ್ಲಿ ತೀರ್ಮಾನಿಸಬೇಕು, ಅದೂ ತನ್ನನ್ನು ಕೆಡವಲು ನಾಲ್ಕೈದು ಮಂದಿ ಧಾವಿಸಿ ಬರುತ್ತಿರುವಾಗ. ಕ್ವಾರ್ಟರ್‌ಬ್ಯಾಕ್ ಕೋಚ್ ಕಲಿಸುವುದು ಈ ತೀರ್ಮಾನವನ್ನೇ. ಹಿಂದೆ ಸರಿಯುವಾಗ ಪಾದಗಳು ಹೇಗಿರಬೇಕು, ಎದುರಾಳಿಯ ಹಿಂಬದಿ ಆಟಗಾರರಲ್ಲಿ ಯಾರನ್ನು ಮೊದಲು ನೋಡಬೇಕು, ಮೊದಲ ಆಯ್ಕೆ ಮುಚ್ಚಿಹೋದರೆ ಕಣ್ಣು ಎತ್ತ ತಿರುಗಬೇಕು, ಚೆಂಡು ಕೈಬಿಡಬೇಕಾದ ಕ್ಷಣ ಯಾವುದು ಎಂಬುದನ್ನು ವಿಡಿಯೊ ಕೋಣೆಯಲ್ಲಿ ತೋರಿಸಿ, ಮೈದಾನದಲ್ಲಿ ಮತ್ತೆ ಮತ್ತೆ ಮಾಡಿಸಿ, ಪಂದ್ಯದ ಒತ್ತಡದಲ್ಲಿ ಯೋಚಿಸುವ ಅಗತ್ಯವೇ ಬೀಳದಷ್ಟು ರೂಢಿಸಬೇಕಾಗುತ್ತದೆ.

ಕಾಲೇಜು ಮಟ್ಟದಲ್ಲಿ ಇದಕ್ಕೆ ಸಿಗುವ ಸಮಯ ಬಹಳ ಕಡಿಮೆ. ರಾಷ್ಟ್ರೀಯ ಕಾಲೇಜು ಕ್ರೀಡಾ ಸಂಸ್ಥೆಯಾದ ಎನ್‌ಸಿಎಎ ನಿಯಮದಂತೆ ಋತುವಿನ ವೇಳೆ ವಾರಕ್ಕೆ ಇಪ್ಪತ್ತು ಗಂಟೆ, ವಸಂತದಲ್ಲಿ ಹದಿನೈದು ಅಭ್ಯಾಸಗಳು ಮಾತ್ರ. 2018ರ ಜನವರಿಯವರೆಗೆ ಒಂದು ತಂಡ ಒಂಬತ್ತು ಸಹಾಯಕ ತರಬೇತುದಾರರನ್ನಷ್ಟೇ ಹೊಂದಬಹುದಿತ್ತು; ಹತ್ತನೆಯವರಿಗೆ ಅನುಮತಿ ದೊರೆತದ್ದು ಆಮೇಲೆ. ಒಂಬತ್ತು ಮಂದಿಯನ್ನು ದಾಳಿಗೂ ರಕ್ಷಣೆಗೂ ಹಂಚುವಾಗ ಕ್ವಾರ್ಟರ್‌ಬ್ಯಾಕ್‌ಗಳಿಗೆಂದೇ ಒಬ್ಬರನ್ನು ಮೀಸಲಿಡುವುದು ದುಬಾರಿಯಾದ್ದರಿಂದ, ಆ ಕೆಲಸವನ್ನು ಬಹಳ ಕಡೆ ದಾಳಿ ವಿಭಾಗದ ಯೋಜನೆ ರೂಪಿಸುವವರಿಗೇ ವಹಿಸಲಾಗುತ್ತಿತ್ತು. ಇದರ ಪರಿಣಾಮ ಗಂಭೀರವಾದುದು. ಆ ಹುದ್ದೆ ಖಾಲಿಯಾದಾಗ ತಂಡವು ಒಬ್ಬ ಶಿಕ್ಷಕನೊಂದಿಗೆ ಯೋಜನೆಯ ಮೆದುಳಿನ ಒಂದು ಭಾಗವನ್ನೂ ಕಳೆದುಕೊಳ್ಳುತ್ತದೆ.

ಖಾಲಿ ಹುದ್ದೆಯ ಹಿನ್ನೆಲೆ

ಓಹಾಯೋ ಸ್ಟೇಟ್‌ಗೆ ಆದದ್ದು ಅದೇ. 2014ರಲ್ಲಿ ಟಾಮ್ ಹರ್ಮನ್ ಅಲ್ಲಿನ ದಾಳಿ ಸಂಯೋಜಕರೂ ಕ್ವಾರ್ಟರ್‌ಬ್ಯಾಕ್ ಕೋಚ್ ಕೂಡ ಆಗಿದ್ದರು. ಋತು ಆರಂಭವಾಗುವ ಮೊದಲೇ ಬ್ರ್ಯಾಕ್ಸ್‌ಟನ್ ಮಿಲ್ಲರ್ ಭುಜಕ್ಕೆ ಪೆಟ್ಟು ಮಾಡಿಕೊಂಡರು. ಅವರ ಜಾಗಕ್ಕೆ ಬಂದ ಜೆ.ಟಿ. ಬ್ಯಾರೆಟ್ ಮಿಷಿಗನ್ ವಿರುದ್ಧದ ಪಂದ್ಯದಲ್ಲಿ ಕಣಕಾಲು ಮುರಿದುಕೊಂಡರು. ಮೂರನೆಯ ಕ್ವಾರ್ಟರ್‌ಬ್ಯಾಕ್ ಕಾರ್ಡೇಲ್ ಜೋನ್ಸ್ ವಿಸ್ಕಾನ್ಸಿನ್ ತಂಡವನ್ನು 59–0ರಿಂದ, ಅಲಬಾಮಾವನ್ನು 42–35ರಿಂದ, ಅಂತಿಮ ಪಂದ್ಯದಲ್ಲಿ ಆರೆಗಾನ್ ತಂಡವನ್ನು 42–20ರಿಂದ ಸೋಲಿಸಿ ರಾಷ್ಟ್ರೀಯ ಪ್ರಶಸ್ತಿ ತಂದುಕೊಟ್ಟರು. ಮೂರನೆಯ ಆಟಗಾರನನ್ನೂ ಅಷ್ಟು ಸಿದ್ಧವಾಗಿರಿಸಿದ್ದ ಕೋಚ್‌ಗೆ ಆ ವರ್ಷದ ಅತ್ಯುತ್ತಮ ಸಹಾಯಕ ತರಬೇತುದಾರನಿಗೆ ಸಲ್ಲುವ ಬ್ರಾಯ್ಲ್ಸ್ ಪ್ರಶಸ್ತಿ ಸಂದದ್ದು ಸಹಜವಾಗಿತ್ತು. ಮುಖ್ಯ ತರಬೇತುದಾರರಾಗಿ ಹೂಸ್ಟನ್ ವಿಶ್ವವಿದ್ಯಾಲಯಕ್ಕೆ ಅವರು ಹೊರಟುಹೋದದ್ದೂ ಅಷ್ಟೇ ಸಹಜ.

ಮುಖ್ಯ ತರಬೇತುದಾರ ಅರ್ಬನ್ ಮೇಯರ್ ಆ ಕೆಲಸವನ್ನು ಇಬ್ಬರಿಗೆ ಹಂಚಿದರು. ಆಕ್ರಮಣದ ಮುಂಚೂಣಿ ಆಟಗಾರರ ಕೋಚ್ ಆಗಿದ್ದ ಎಡ್ ವಾರಿನರ್ ಸಂಯೋಜಕರಾದರು. ನೆಬ್ರಾಸ್ಕಾದಿಂದ ಬಂದ ಟಿಮ್ ಬೆಕ್ ಸಹಸಂಯೋಜಕರೂ ಕ್ವಾರ್ಟರ್‌ಬ್ಯಾಕ್ ಕೋಚ್ ಕೂಡ ಆದರು. 2015ರ ತಂಡದಲ್ಲಿ ಪ್ರತಿಭೆಗೆ ಕೊರತೆ ಇರಲಿಲ್ಲ. ಆದರೂ ಜೋನ್ಸ್ ಮತ್ತು ಬ್ಯಾರೆಟ್ ನಡುವೆ ಯಾರು ಆಡಬೇಕೆಂಬ ಪ್ರಶ್ನೆ ಅರ್ಧ ಋತುವಿನವರೆಗೂ ಬಗೆಹರಿಯಲಿಲ್ಲ. ನವೆಂಬರ್‌ನಲ್ಲಿ ಮಿಷಿಗನ್ ಸ್ಟೇಟ್ ವಿರುದ್ಧ ತವರು ನೆಲದಲ್ಲಿಯೇ ತಂಡ ಗಳಿಸಿದ್ದು ಬರೀ 132 ಯಾರ್ಡ್. ಫಲಿತಾಂಶ 17–14ರ ಸೋಲು. ಆ ಒಂದು ಸೋಲೇ, ಋತುವಿನ ಕೊನೆಗೆ ರಾಷ್ಟ್ರೀಯ ಪ್ರಶಸ್ತಿಗಾಗಿ ನಡೆಯುವ ಪ್ಲೇಆಫ್ ಪಂದ್ಯಗಳ ಬಾಗಿಲನ್ನು ಮುಚ್ಚಿತು. ಬೆಕ್ ಅವರನ್ನು ಇದಕ್ಕೆಲ್ಲ ಹೊಣೆ ಮಾಡುವುದು ಅನ್ಯಾಯವೆಂದು ನಾನು ಭಾವಿಸುತ್ತೇನೆ. ಒಂದೇ ಕೆಲಸದ ಯೋಜನೆ ಒಬ್ಬರಲ್ಲಿ, ಅದನ್ನು ಆಡಬೇಕಾದವನ ಶಿಕ್ಷಣ ಇನ್ನೊಬ್ಬರಲ್ಲಿ ಇದ್ದಾಗ ಯಾರ ಮಾತು ಆಟಗಾರನ ತಲೆಯಲ್ಲಿ ಉಳಿಯಬೇಕು ಎಂಬ ಗೊಂದಲ ವ್ಯವಸ್ಥೆಯಲ್ಲಿಯೇ ಇತ್ತು.

2016ರ ಗೆಲುವುಗಳು ಆ ಗೊಂದಲವನ್ನು ಬಹುಪಾಲು ಮರೆಮಾಡಿದವು. ಹನ್ನೊಂದು ಗೆದ್ದು ಒಂದನ್ನು ಸೋತ ತಂಡ ಪ್ಲೇಆಫ್‌ಗೆ ಹೋಯಿತು. ಡಿಸೆಂಬರ್ 31ರಂದು ಅರಿಝೋನಾದ ಗ್ಲೆಂಡೇಲ್‌ನಲ್ಲಿ ನಡೆದ ಫಿಯೆಸ್ಟಾ ಬೌಲ್ ಎಂಬ ಪ್ಲೇಆಫ್ ಪಂದ್ಯದಲ್ಲಿ ಕ್ಲೆಮ್ಸನ್ ತಂಡ 31–0ರಿಂದ ಅದನ್ನು ಹೊಸಕಿಹಾಕಿತು. ಬ್ಯಾರೆಟ್ ಎಸೆತಗಳಿಂದ ಬಂದದ್ದು 127 ಯಾರ್ಡ್, ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿ ಗಳಿಸುವ ಆರು ಅಂಕ) ಇಲ್ಲ, ಎರಡು ಎಸೆತಗಳು ಎದುರಾಳಿಯ ಪಾಲು. ಮೇಯರ್ ಮುಖ್ಯ ತರಬೇತುದಾರರಾದ ಮೇಲೆ ಅವರ ತಂಡವೊಂದು ಶೂನ್ಯಕ್ಕೆ ಸೋತದ್ದು ಅದೇ ಮೊದಲು. ಕೆಲವೇ ದಿನಗಳಲ್ಲಿ ವಾರಿನರ್ ಮಿನೆಸೋಟಕ್ಕೂ ಬೆಕ್ ಟೆಕ್ಸಸ್‌ಗೂ ಹೋದರು. ಟೆಕ್ಸಸ್‌ನಲ್ಲಿ ಬೆಕ್ ಸೇರಿದ್ದು ಅಲ್ಲಿ ಹೊಸದಾಗಿ ಮುಖ್ಯ ತರಬೇತುದಾರರಾಗಿದ್ದ ಹರ್ಮನ್ ಅವರ ಬಳಗವನ್ನೇ.

ಆಯ್ಕೆ

ರಯಾನ್ ಡೇ ನ್ಯೂ ಹ್ಯಾಂಪ್‌ಶೈರ್‌ನ ಮ್ಯಾಂಚೆಸ್ಟರ್‌ನವರು. ನ್ಯೂ ಹ್ಯಾಂಪ್‌ಶೈರ್ ವಿಶ್ವವಿದ್ಯಾಲಯದಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿದ್ದಾಗ ಅವರಿಗೆ ಆಟ ಕಲಿಸಿದವರು ಅದೇ ಊರಿನ, ಅದೇ ಪ್ರೌಢಶಾಲೆಯ ಚಿಪ್ ಕೆಲ್ಲಿ. ಮುಂದೆ ಆರೆಗಾನ್‌ನಲ್ಲಿ ಆಟಗಾರರನ್ನು ಮೈದಾನದ ಅಗಲಕ್ಕೂ ಹರಡಿ ಆಡುವ ವೇಗದ ಸ್ಪ್ರೆಡ್ ಆಟದಿಂದ ದೇಶದ ಗಮನ ಸೆಳೆದ ಕೆಲ್ಲಿ ಇವರೇ. 2005ರಲ್ಲಿ ಡೇ ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿ ಪದವಿ ಸಹಾಯಕರೆಂಬ ಕಿರಿಯ ತರಬೇತಿ ಹುದ್ದೆಯಲ್ಲಿ ಒಂದು ವರ್ಷ ದುಡಿದರು; ಅಲ್ಲಿ ಮುಖ್ಯ ತರಬೇತುದಾರರಾಗಿದ್ದವರು ಮೇಯರ್. ಆಮೇಲೆ ಟೆಂಪಲ್ ವಿಶ್ವವಿದ್ಯಾಲಯ ಮತ್ತು ಬಾಸ್ಟನ್ ಕಾಲೇಜಿನಲ್ಲಿ ಹಲವು ವರ್ಷ ಕಳೆದು, 2015ರಲ್ಲಿ ಕೆಲ್ಲಿ ಅವರೊಂದಿಗೆ ಫಿಲಡೆಲ್ಫಿಯಾ ಈಗಲ್ಸ್, 2016ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ 49ಅರ್ಸ್ ವೃತ್ತಿಪರ ತಂಡಗಳಲ್ಲಿ ಕ್ವಾರ್ಟರ್‌ಬ್ಯಾಕ್ ಕೋಚ್ ಆದರು.

ಕಾಗದದ ಮೇಲೆ ನೋಡಿದರೆ ಇದು ಮೋಹಿಸುವ ದಾಖಲೆಯಲ್ಲ. 49ಅರ್ಸ್ ತಂಡ ಆ ವರ್ಷ ಹದಿನಾರರಲ್ಲಿ ಎರಡನ್ನು ಮಾತ್ರ ಗೆದ್ದಿತ್ತು, ಕೆಲ್ಲಿಯವರನ್ನು ಋತು ಮುಗಿದ ದಿನವೇ ವಜಾ ಮಾಡಲಾಗಿತ್ತು. ಗೆಲುವು ಸೋಲುಗಳ ಲೆಕ್ಕವನ್ನೇ ಹಿಡಿದು ನಡೆಯುವ ಆಯ್ಕೆ ಸಮಿತಿಯೊಂದು ಈ ಅರ್ಜಿಯನ್ನು ಬದಿಗೆ ಸರಿಸುತ್ತಿತ್ತೆಂಬುದರಲ್ಲಿ ನನಗೆ ಸಂಶಯವಿಲ್ಲ. ಮೇಯರ್ ಕಂಡದ್ದು ಬೇರೆ. ಮೊದಲನೆಯದಾಗಿ, ಆ ವ್ಯಕ್ತಿಯ ಕೆಲಸದ ರೀತಿಯನ್ನು ಹನ್ನೆರಡು ವರ್ಷದ ಹಿಂದೆಯೇ ಹತ್ತಿರದಿಂದ ನೋಡಿದ್ದರು. ಎರಡನೆಯದು ಇನ್ನೂ ಮುಖ್ಯ: ಮೇಯರ್ ಅವರ ದಾಳಿಯು ಕ್ವಾರ್ಟರ್‌ಬ್ಯಾಕ್‌ನ ಓಟವನ್ನು ಆಧರಿಸಿತ್ತು. ಡೇ ಎರಡು ವರ್ಷಗಳಿಂದ ಕೆಲಸ ಮಾಡಿದ್ದ ವೃತ್ತಿಪರ ಲೀಗ್‌ನಲ್ಲಿ ಚೆಂಡನ್ನು ಕಾಲಕ್ಕೆ ಸರಿಯಾಗಿ ಎಸೆಯಲಾಗದವನಿಗೆ ಉಳಿಗಾಲವಿಲ್ಲ. ತನ್ನಲ್ಲಿ ಇಲ್ಲದ್ದನ್ನು ಹೊರಗಿನಿಂದ ತರಬೇಕೆಂದು, ಮೂರು ರಾಷ್ಟ್ರೀಯ ಪ್ರಶಸ್ತಿ ಗೆದ್ದಿದ್ದ ತರಬೇತುದಾರರೊಬ್ಬರು ಒಪ್ಪಿಕೊಂಡದ್ದೇ ಈ ನೇಮಕಾತಿಯ ಜೀವಾಳ. ಸ್ವಂತ ಪದ್ಧತಿಯನ್ನು ಅಚ್ಚುಕಟ್ಟಾಗಿ ಮುಂದುವರಿಸುವ ಇನ್ನೊಬ್ಬರನ್ನು ತಂದಿದ್ದರೆ ಹುದ್ದೆ ತುಂಬುತ್ತಿತ್ತು, ಕೊರತೆ ಹಾಗೆಯೇ ಉಳಿಯುತ್ತಿತ್ತು.

ಮೊದಲ ವರ್ಷದ ಬೆರಕೆ ಫಲ

ಡೇ ಬಂದಾಗ ಅವರ ಕೋಣೆಯಲ್ಲಿದ್ದ ಮೂವರು ಕ್ವಾರ್ಟರ್‌ಬ್ಯಾಕ್‌ಗಳನ್ನು ಅವರು ಆರಿಸಿರಲಿಲ್ಲ. ಐದನೆಯ ವರ್ಷದ ಬ್ಯಾರೆಟ್, ಓಹಾಯೋದ ಅಥೆನ್ಸ್ ಪ್ರದೇಶದ ಜೋ ಬರೋ, ಮೇರಿಲ್ಯಾಂಡ್‌ನಲ್ಲಿ ಪ್ರೌಢಶಾಲೆ ಮುಗಿಸಿ ಬಂದಿದ್ದ ಡ್ವೇನ್ ಹ್ಯಾಸ್ಕಿನ್ಸ್. ನಾಯಕತ್ವ, ಅನುಭವ, ಓಟ, ಧೈರ್ಯ ಎಲ್ಲದರಲ್ಲೂ ಬ್ಯಾರೆಟ್ ಮುಂದಿದ್ದರು. ದೂರದ, ಬಿಗಿಯಾದ ಎಸೆತದಲ್ಲಿ ಹಿಂದಿದ್ದರು.

ಸೆಪ್ಟೆಂಬರ್ 9ರಂದು ಒಕ್ಲಹೋಮ ತಂಡ ಕೊಲಂಬಸ್‌ಗೆ ಬಂದು 31–16ರಿಂದ ಗೆದ್ದಿತು. ಬ್ಯಾರೆಟ್ 183 ಯಾರ್ಡ್ ಎಸೆದರು, ಟಚ್‌ಡೌನ್ ಪಾಸ್ ಒಂದೂ ಇಲ್ಲ. ಹಳೆಯ ರೋಗ ಹಾಗೆಯೇ ಇದೆ ಎಂದು ಅಭಿಮಾನಿಗಳು ಹೇಳತೊಡಗಿದರು, ಹ್ಯಾಸ್ಕಿನ್ಸ್ ಆಡಲಿ ಎಂಬ ಕೂಗು ಎದ್ದಿತು. ಅಕ್ಟೋಬರ್ 28ರಂದು ಪೆನ್ ಸ್ಟೇಟ್ ವಿರುದ್ಧ ಕೊನೆಯ ಕ್ವಾರ್ಟರ್‌ನಲ್ಲಿ ಹದಿನೈದು ಅಂಕ ಹಿಂದಿದ್ದ ತಂಡ 39–38ರಿಂದ ಗೆದ್ದಿತು. ಆ ದಿನ ಬ್ಯಾರೆಟ್ ಎಸೆದ 39ರಲ್ಲಿ 33 ಸರಿಯಾದ ಕೈ ಸೇರಿದವು. 328 ಯಾರ್ಡ್, ನಾಲ್ಕು ಟಚ್‌ಡೌನ್. ಒತ್ತಡ ಹೆಚ್ಚಿದಂತೆಲ್ಲ ಅವರ ಎಸೆತ ಖಚಿತವಾಗುತ್ತಾ ಹೋಯಿತು. ಹತ್ತು ತಿಂಗಳ ಪಾಠ ಹಿಡಿದುಕೊಂಡಿದೆ ಎಂದು ನಂಬಲು ಆ ಸಂಜೆ ಎಲ್ಲ ಕಾರಣಗಳೂ ಇದ್ದವು. ಏಳು ದಿನ ಕಳೆಯುವಷ್ಟರಲ್ಲಿ ಅಯೋವಾದಲ್ಲಿ ಅದೇ ಬ್ಯಾರೆಟ್ ನಾಲ್ಕು ಇಂಟರ್ಸೆಪ್ಷನ್ ಕೊಟ್ಟರು, ಎಂದರೆ ಅವರ ನಾಲ್ಕು ಎಸೆತಗಳು ಎದುರಾಳಿಯ ಕೈ ಸೇರಿದವು. ಪಂದ್ಯ 55–24ರಿಂದ ಕೈತಪ್ಪಿತು, ಅದರೊಂದಿಗೆ ಪ್ಲೇಆಫ್ ಅವಕಾಶವೂ ಬಹುಪಾಲು ಮುಗಿಯಿತು.

ಎರಡು ವಾರಾಂತ್ಯಗಳಲ್ಲಿ ಒಂದೇ ಆಟಗಾರ, ಒಂದೇ ಕೋಚ್, ಎರಡು ವಿರುದ್ಧ ಸಾಕ್ಷ್ಯ. ಆ ಋತುವಿನ ಒಟ್ಟು ಅಂಕಿಗಳನ್ನು ಹಿಂದಿನ ವರ್ಷದೊಂದಿಗೆ ಹೋಲಿಸಿದರೆ ಸುಧಾರಣೆ ಇದ್ದೇ ಇತ್ತು: ಬ್ಯಾರೆಟ್ ಪಾಸುಗಳು 2,555 ಯಾರ್ಡ್‌ಗಳಿಂದ 3,053ಕ್ಕೂ ಟಚ್‌ಡೌನ್‌ಗಳು 24ರಿಂದ 35ಕ್ಕೂ ಏರಿದವು. ಆದರೆ ದೊಡ್ಡ ಪಂದ್ಯದಲ್ಲಿ, ಒಳ್ಳೆಯ ರಕ್ಷಣೆಯ ಎದುರು ತಂಡ ಎಸೆದು ಗೆಲ್ಲಬಲ್ಲದೆ ಎಂಬ ಮೂಲ ಪ್ರಶ್ನೆಗೆ ಉತ್ತರ ಸಿಕ್ಕಿರಲಿಲ್ಲ. ಆ ಡಿಸೆಂಬರ್‌ನಲ್ಲಿ ಯಾರಾದರೂ ಈ ನೇಮಕಾತಿಗೆ ಅಂಕ ಹಾಕಿದ್ದರೆ ಸಾಧಾರಣವೆಂದು ಹಾಕುತ್ತಿದ್ದರು. ಮೊದಲ ವರ್ಷದಲ್ಲಿ ಕ್ವಾರ್ಟರ್‌ಬ್ಯಾಕ್ ಕೋಚ್ ಕೆಲಸ ಮಾಡುವುದು ಇನ್ನೊಬ್ಬರು ಆರಿಸಿದ, ಇನ್ನೊಬ್ಬರು ಕಲಿಸಿದ ಆಟಗಾರನೊಂದಿಗೆ. ನಾಲ್ಕು ವರ್ಷ ರೂಢಿಯಾದ ಕಣ್ಣನ್ನೂ ಪಾದವನ್ನೂ ಹದಿನೈದು ವಸಂತ ಅಭ್ಯಾಸಗಳಲ್ಲಿ ಬದಲಿಸಲಾಗದು. ಆದ್ದರಿಂದ ಆ ಸಾಧಾರಣ ಅಂಕ ಅಳೆಯುತ್ತಿದ್ದದ್ದು ಡೇ ಅವರನ್ನಲ್ಲ, ಹಳೆಯ ಮತ್ತು ಹೊಸ ಪದ್ಧತಿಗಳ ನಡುವಿನ ಸಂಧಿಯನ್ನು.

ನಿಜವಾದ ಸುಳಿವು ನವೆಂಬರ್ 25ರಂದು ಆನ್ ಆರ್ಬರ್‌ನಲ್ಲಿ ಸಿಕ್ಕಿತು. ಮಿಷಿಗನ್ ವಿರುದ್ಧ 20–14ರಿಂದ ಹಿಂದಿದ್ದಾಗ ಮೊಣಕಾಲಿನ ಪೆಟ್ಟಿನಿಂದ ಬ್ಯಾರೆಟ್ ಹೊರಬಿದ್ದರು. ಋತುವಿಗೆ ಮೊದಲು ಬರೋ ಕೈಮೂಳೆ ಮುರಿದುಕೊಂಡಿದ್ದರಿಂದ ಎರಡನೆಯ ಸ್ಥಾನಕ್ಕೆ ಏರಿದ್ದ ಹ್ಯಾಸ್ಕಿನ್ಸ್ ಮೈದಾನಕ್ಕಿಳಿದರು. ಏಳು ಎಸೆತಗಳಲ್ಲಿ ಆರು ಸರಿಯಾದ ಕೈ ಸೇರಿದವು, 94 ಯಾರ್ಡ್ ಬಂದವು, ಪಂದ್ಯ 31–20ರಿಂದ ಒಲಿಯಿತು. ದೇಶದ ಅತಿ ತೀವ್ರ ಪೈಪೋಟಿಯ ನಡುವೆ, ಎದುರಾಳಿಯ ಮೈದಾನದಲ್ಲಿ, ಸಿದ್ಧತೆಗೆ ಕ್ಷಣವೂ ಇಲ್ಲದೆ ಒಬ್ಬ ಹುಡುಗ ಸರಿಯಾದ ಕಡೆ ನೋಡಿ ಸರಿಯಾದ ಕ್ಷಣದಲ್ಲಿ ಎಸೆಯುತ್ತಾನೆಂದರೆ ಯಾರೋ ಅವನಿಗೆ ಚೆನ್ನಾಗಿ ಕಲಿಸಿದ್ದಾರೆ.

ತೆತ್ತ ಬೆಲೆ

ಋತುವಿನ ನಂತರ ಟೆನೆಸ್ಸಿ ಟೈಟನ್ಸ್ ವೃತ್ತಿಪರ ತಂಡದಿಂದ ಡೇ ಅವರಿಗೆ ಕರೆ ಬಂದಿತು. ವಿಶ್ವವಿದ್ಯಾಲಯ ಅವರ ಸಂಬಳವನ್ನು ವರ್ಷಕ್ಕೆ ಹತ್ತು ಲಕ್ಷ ಡಾಲರ್‌ಗೆ ಏರಿಸಿ ಉಳಿಸಿಕೊಂಡಿತು. ಹರ್ಮನ್ ಹೋದಾಗ ಆದ ನಷ್ಟ ಎಷ್ಟೆಂದು ಅನುಭವಿಸಿದ್ದ ತಂಡಕ್ಕೆ ಈ ಖರ್ಚು ಹೆಚ್ಚೆನಿಸಲಿಲ್ಲ.

2018ರ ವಸಂತದಲ್ಲಿ ಬರೋ ಮತ್ತು ಹ್ಯಾಸ್ಕಿನ್ಸ್ ನಡುವೆ ಸ್ಪರ್ಧೆ ನಡೆಯಿತು. ಮೂರು ವರ್ಷದಲ್ಲಿಯೇ ಪದವಿ ಮುಗಿಸಿದ್ದ ಬರೋ, ಬೇರೆ ಕಾಲೇಜಿಗೆ ಹೋದರೂ ತಕ್ಷಣ ಆಡಬಹುದಿತ್ತು. ಮೇ ತಿಂಗಳಿನಲ್ಲಿ ಅವರು ಲೂಯಿಸಿಯಾನಾ ಸ್ಟೇಟ್‌ಗೆ ಹೊರಟರು. 2019ರಲ್ಲಿ ಅಲ್ಲಿ ಅವರು 5,671 ಯಾರ್ಡ್, 60 ಟಚ್‌ಡೌನ್ ಎಸೆದು, ವರ್ಷದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಸಲ್ಲುವ ಹೈಸ್‌ಮನ್ ಪ್ರಶಸ್ತಿ ಗೆದ್ದು, ಹದಿನೈದಕ್ಕೆ ಹದಿನೈದು ಗೆದ್ದ ತಂಡಕ್ಕೆ ರಾಷ್ಟ್ರೀಯ ಪ್ರಶಸ್ತಿ ತಂದುಕೊಟ್ಟರು. ಕಾಲೇಜು ಆಟದ ಇತಿಹಾಸದಲ್ಲಿಯೇ ಅತ್ಯುತ್ತಮವೆಂದು ಅನೇಕರು ಎಣಿಸುವ ಋತು ಅದು.

ಓಹಾಯೋ ಸ್ಟೇಟ್ ತಪ್ಪಾಗಿ ಆರಿಸಿತೆಂದು ಇದನ್ನು ಮುಂದಿಟ್ಟುಕೊಂಡು ವಾದಿಸುವವರಿದ್ದಾರೆ. ನಾನು ಆ ವಾದವನ್ನು ಒಪ್ಪುವುದಿಲ್ಲ. ಬರೋ ಲೂಯಿಸಿಯಾನಾದಲ್ಲಿ ಮೊದಲ ವರ್ಷ ಸಾಮಾನ್ಯವಾಗಿಯೇ ಆಡಿದ್ದರು. ಎರಡನೆಯ ವರ್ಷ ಅಲ್ಲಿಗೂ ಹೊಸ ಪಾಸ್ ಯೋಜನೆ ಬಂದ ಮೇಲೆಯೇ ಅವರು ಅರಳಿದ್ದು. 2018ರ ಏಪ್ರಿಲ್‌ನಲ್ಲಿ ಕೋಚ್ ಮುಂದಿದ್ದ ಸಾಕ್ಷ್ಯದ ಮೇಲೆ ಹ್ಯಾಸ್ಕಿನ್ಸ್ ಅವರ ಆಯ್ಕೆ ಸಮರ್ಥನೀಯವಾಗಿತ್ತು, ಫಲಿತಾಂಶ ಅದನ್ನು ದೃಢಪಡಿಸಿತು. ಹಾಗಿದ್ದರೂ ಬೆಲೆ ಬೆಲೆಯೇ. ಒಂದೇ ಸ್ಥಾನಕ್ಕೆ ಇಬ್ಬರನ್ನು ಚೆನ್ನಾಗಿ ತಯಾರು ಮಾಡುವ ಕೋಚ್ ಅವರಲ್ಲಿ ಒಬ್ಬರನ್ನು ಕಳೆದುಕೊಳ್ಳುವುದು ಈ ಹುದ್ದೆಗೆ ಅಂಟಿಕೊಂಡೇ ಬರುವ ನಷ್ಟ.

ಎರಡನೆಯ ವರ್ಷ

ಆಗಸ್ಟ್‌ನಲ್ಲಿ ಬೇರೊಂದು ಬಿಕ್ಕಟ್ಟು ಎದುರಾಯಿತು. ವಜಾಗೊಂಡ ಸಹಾಯಕ ತರಬೇತುದಾರರೊಬ್ಬರ ಕುರಿತ ವಿಚಾರಣೆಯಲ್ಲಿ ಮೇಯರ್ ಅವರನ್ನು ರಜೆಯ ಮೇಲೆ ಕಳಿಸಿ, ಆಮೇಲೆ ಮೂರು ಪಂದ್ಯಗಳಿಗೆ ಅಮಾನತು ಮಾಡಲಾಯಿತು. ವಿಶ್ವವಿದ್ಯಾಲಯ ತಂಡವನ್ನು ಒಪ್ಪಿಸಿದ್ದು ಡೇ ಅವರಿಗೆ. ಆರೆಗಾನ್ ಸ್ಟೇಟ್, ರಟ್ಗರ್ಸ್, ಟಿಸಿಯು ಮೂರನ್ನೂ ತಂಡ ಸೋಲಿಸಿತು. ಮುಖ್ಯ ತರಬೇತುದಾರರಾಗಿ ಒಂದು ದಿನವೂ ಅನುಭವವಿಲ್ಲದವರ ಮೇಲೆ ಆ ಹೊರೆ ಬಿದ್ದಾಗ ಪಾಸ್ ಯೋಜನೆ ಮಾತ್ರ ಏರುಪೇರಾಗಲಿಲ್ಲ. ಅದು ಆ ಹೊತ್ತಿಗೆ ಸಂಪೂರ್ಣವಾಗಿ ಅವರದೇ ಆಗಿತ್ತು.

ಆ ವರ್ಷದ ದಾಳಿಯನ್ನು ಹಳೆಯದರಿಂದ ಬೇರ್ಪಡಿಸಿ ತೋರಿಸುವ ಸಂಖ್ಯೆ ನನ್ನ ದೃಷ್ಟಿಯಲ್ಲಿ ಎಸೆತದ್ದಲ್ಲ, ಓಟದ್ದು. 2017ರಲ್ಲಿ ಬ್ಯಾರೆಟ್ ಚೆಂಡು ಹಿಡಿದು ಓಡಿ 798 ಯಾರ್ಡ್ ಗಳಿಸಿದ್ದರು. 2018ರಲ್ಲಿ ಹ್ಯಾಸ್ಕಿನ್ಸ್ ಗಳಿಸಿದ್ದು 108. ಮೇಯರ್ ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಕಟ್ಟಿದ್ದ ದಾಳಿಯ ಕಂಬವನ್ನೇ ಅವರ ಸಮ್ಮತಿಯಿಂದ ಬದಲಿಸಲಾಗಿತ್ತು. ಅದರ ಜಾಗದಲ್ಲಿ ಬಂದದ್ದು ಪಾಸ್: 4,831 ಯಾರ್ಡ್, 50 ಟಚ್‌ಡೌನ್, ಎಂಟೇ ಇಂಟರ್ಸೆಪ್ಷನ್, ಎಸೆದ ಹತ್ತರಲ್ಲಿ ಏಳು ಗುರಿ ಸೇರಿದವು. ಓಹಾಯೋ ಸ್ಟೇಟ್ ಆಡುವ ಬಿಗ್ ಟೆನ್ ಲೀಗ್‌ನಲ್ಲಿ ಒಂದು ಋತುವಿನ ಟಚ್‌ಡೌನ್ ಪಾಸುಗಳ ಹಿಂದಿನ ದಾಖಲೆ ಡ್ರೂ ಬ್ರೀಸ್ ಹೆಸರಿನಲ್ಲಿದ್ದ 39. ಇಪ್ಪತ್ತು ವರ್ಷ ನಿಂತಿದ್ದ ಆ ದಾಖಲೆ ಹಿಂದೆ ಬಿತ್ತು.

ಯೋಜನೆಯ ಬಗೆಯನ್ನು ನವೆಂಬರ್ 24ರ ಮಿಷಿಗನ್ ಪಂದ್ಯದಲ್ಲಿ ಕಾಣಬಹುದು. ಮಿಷಿಗನ್‌ನ ರಕ್ಷಣೆ ದೇಶದ ಮುಂಚೂಣಿಯಲ್ಲಿತ್ತು, ಪ್ರತಿಯೊಬ್ಬ ಎದುರಾಳಿಗೂ ಒಬ್ಬೊಬ್ಬ ಕಾವಲುಗಾರನನ್ನು ಅಂಟಿಸುವುದು ಅದರ ಪದ್ಧತಿ. ಡೇ ಮತ್ತು ವಿಲ್ಸನ್ ಅಡ್ಡಹಾದಿಗಳನ್ನು ಬಳಸಿದರು. ಇಬ್ಬರು ಹಿಡಿತಗಾರರು ಎರಡು ಬದಿಯಿಂದ ಓಡಿಬಂದು ಮೈದಾನದ ನಡುವೆ ಒಬ್ಬರಿಗೊಬ್ಬರು ತಾಗುವಷ್ಟು ಹತ್ತಿರದಲ್ಲಿ ದಾಟಿಹೋದಾಗ ಬೆನ್ನಟ್ಟಿದ ಕಾವಲುಗಾರರು ತೊಡರಿಕೊಳ್ಳುತ್ತಾರೆ. ಕ್ವಾರ್ಟರ್‌ಬ್ಯಾಕ್ ಆ ಅರೆಕ್ಷಣದಲ್ಲಿ ಚೆಂಡು ಬಿಟ್ಟರೆ, ಪ್ಯಾರಿಸ್ ಕ್ಯಾಂಪ್‌ಬೆಲ್‌ನಂಥ ವೇಗಿಯ ಮುಂದೆ ಖಾಲಿ ಹುಲ್ಲು ಮಾತ್ರ ಉಳಿಯುತ್ತದೆ. ಎಸೆತ ಚಿಕ್ಕದು, ತೋಳಿನ ಬಲ ಬೇಡ. ಬೇಕಾದದ್ದು ಕಾಲ ಮತ್ತು ಕಣ್ಣು. ಹ್ಯಾಸ್ಕಿನ್ಸ್ ಆ ದಿನ ಆರು ಟಚ್‌ಡೌನ್ ಎಸೆದರು, ಫಲಿತಾಂಶ 62–39. ಪರ್ಡ್ಯೂ ವಿರುದ್ಧ ಅಕ್ಟೋಬರ್‌ನಲ್ಲಿ ಉಂಡ 49–20ರ ಸೋಲು ತಂಡವನ್ನು ಪ್ಲೇಆಫ್‌ನಿಂದ ಹೊರಗಿಟ್ಟಿತಾದರೂ ಅದರ ಮುಖ್ಯ ಕಾರಣ ರಕ್ಷಣಾ ವಿಭಾಗದ ದೌರ್ಬಲ್ಯ.

ಡಿಸೆಂಬರ್ 4ರಂದು ಮೇಯರ್ ನಿವೃತ್ತಿ ಪ್ರಕಟಿಸಿದರು. ಉತ್ತರಾಧಿಕಾರಿಯಾಗಿ ಡೇ ಹೆಸರು ಅದೇ ದಿನ ಹೊರಬಿತ್ತು. ಹ್ಯಾಸ್ಕಿನ್ಸ್ ಹೈಸ್‌ಮನ್ ಮತದಾನದಲ್ಲಿ ಮೂರನೆಯವರಾದರು. ವೃತ್ತಿಪರ ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ 2019ರ ವೃತ್ತಿಪರ ಆಯ್ಕೆಯಲ್ಲಿ ಹದಿನೈದನೆಯವರಾಗಿ ವಾಷಿಂಗ್ಟನ್ ತಂಡ ಸೇರಿದರು. 1982ರಲ್ಲಿ ಆರ್ಟ್ ಷ್ಲಿಕ್ಟರ್ ಆಯ್ಕೆಯಾದ ಮೇಲೆ ಓಹಾಯೋ ಸ್ಟೇಟ್‌ನ ಕ್ವಾರ್ಟರ್‌ಬ್ಯಾಕ್ ಒಬ್ಬರು ಮೊದಲ ಸುತ್ತಿನಲ್ಲಿ ಹೋದದ್ದು ಅದೇ ಮೊದಲು. 2022ರ ಏಪ್ರಿಲ್‌ನಲ್ಲಿ ಫ್ಲಾರಿಡಾದ ಹೆದ್ದಾರಿಯೊಂದರಲ್ಲಿ ವಾಹನ ಬಡಿದು ಅವರು ತೀರಿಕೊಂಡರು. ಇಪ್ಪತ್ತನಾಲ್ಕು ವರ್ಷದ ಬದುಕು. ಈ ಪ್ರಕರಣದ ಯಾವ ಅಂಕಿಯನ್ನು ಬರೆಯುವಾಗಲೂ ಅದನ್ನು ಮರೆಯಲು ಆಗುವುದಿಲ್ಲ.

ಎಷ್ಟು ಪಾಲು ಕೋಚ್‌ನದು?

ಹ್ಯಾಸ್ಕಿನ್ಸ್ ಅವರ ತೋಳು ಹುಟ್ಟಿನಿಂದ ಬಂದದ್ದು, ಹಿಡಿತಗಾರರು ದೇಶದಲ್ಲೇ ಶ್ರೇಷ್ಠರು, ಹೀಗಿರುವಾಗ ಡೇ ಮಾಡಿದ್ದೇನು ಎಂಬ ಆಕ್ಷೇಪಕ್ಕೆ ತೂಕವಿದೆ. ಇದಕ್ಕೆ ಉತ್ತರ ಹ್ಯಾಸ್ಕಿನ್ಸ್ ಅವರಲ್ಲಿಲ್ಲ, ಅವರ ನಂತರ ಬಂದವರಲ್ಲಿದೆ. ಜಾರ್ಜಿಯಾದಿಂದ ಬಂದ ಜಸ್ಟಿನ್ ಫೀಲ್ಡ್ಸ್ 2019ರಲ್ಲಿ 41 ಟಚ್‌ಡೌನ್ ಎಸೆದು ಮೂರೇ ಮೂರು ಇಂಟರ್ಸೆಪ್ಷನ್ ಕೊಟ್ಟರು. ಕ್ಯಾಲಿಫೋರ್ನಿಯಾದ ಸಿ.ಜೆ. ಸ್ಟ್ರೌಡ್ 2022ರ ಜನವರಿ 1ರ ರೋಸ್ ಬೌಲ್‌ನಲ್ಲಿ ಒಂದೇ ಪಂದ್ಯದಲ್ಲಿ 573 ಯಾರ್ಡ್ ಎಸೆದರು. ಒಬ್ಬರು ಓಟಗಾರ, ಒಬ್ಬರು ನಿಂತು ಎಸೆಯುವವರು, ಮೂವರ ಮೈಕಟ್ಟೂ ಸ್ವಭಾವವೂ ಬೇರೆ. ಮೂವರೂ ವೃತ್ತಿಪರ ಆಯ್ಕೆಯ ಮೊದಲ ಸುತ್ತಿನಲ್ಲಿಯೇ ಹೋದರು. ಮೂವತ್ತೇಳು ವರ್ಷದಲ್ಲಿ ಒಬ್ಬರೂ ಹೋಗದಿದ್ದ ಕಡೆ ನಾಲ್ಕೈದು ವರ್ಷದೊಳಗೆ ಮೂವರು ಹೋದಾಗ, ಅದನ್ನು ಒಬ್ಬ ಹುಡುಗನ ತೋಳಿನ ಭಾಗ್ಯವೆಂದು ವಿವರಿಸಲಾಗದು.

ಈ ನೇಮಕಾತಿ ಹುಟ್ಟುಹಾಕಿದ ಒಂದು ತೊಡಕೂ ಉಂಟು. ಕ್ವಾರ್ಟರ್‌ಬ್ಯಾಕ್ ಕೋಚ್ ಮುಖ್ಯ ತರಬೇತುದಾರನಾದರೆ ಅವನ ಹಳೆಯ ಹುದ್ದೆಗೆ ಬರುವವನಿಗೆ ಉಳಿಯುವ ಸ್ವಾತಂತ್ರ್ಯವೆಷ್ಟು? ಡೇ ಮೊದಲು ಒಕ್ಲಹೋಮ ಸ್ಟೇಟ್‌ನಿಂದ ಮೈಕ್ ಯರ್ಸಿಚ್ ಅವರನ್ನು ತಂದರು. ಒಂದೇ ವರ್ಷದಲ್ಲಿ ಅವರು ಟೆಕ್ಸಸ್‌ಗೆ ಹೋದರು. ಆಮೇಲೆ ತಂಡದಲ್ಲಿಯೇ ಬೆಳೆದ ಕೋರಿ ಡೆನಿಸ್ 2020ರಿಂದ 2023ರವರೆಗೆ ಆ ಕೆಲಸ ನೋಡಿಕೊಂಡರು. ಆಟ ಕರೆಯುವ, ಎಂದರೆ ಪ್ರತಿ ಯತ್ನದಲ್ಲಿ ಯಾವ ಯೋಜನೆ ಆಡಬೇಕೆಂದು ಹೇಳುವ ಅಧಿಕಾರ ಆ ವರ್ಷಗಳಲ್ಲಿ ಡೇ ಕೈಯಲ್ಲಿಯೇ ಇತ್ತು. ಫೀಲ್ಡ್ಸ್, ಸ್ಟ್ರೌಡ್ ಇದ್ದಾಗ ಇದರಿಂದ ಹಾನಿಯಾಗಲಿಲ್ಲ. ಆದರೆ 2021ರಿಂದ 2023ರವರೆಗೆ ಮಿಷಿಗನ್ ವಿರುದ್ಧ ಮೂರು ಬಾರಿ ಸೋತಾಗ ಒಬ್ಬರೇ ಎರಡು ಕೆಲಸ ಮಾಡುತ್ತಿದ್ದಾರೆಂಬ ಟೀಕೆ ಬಲವಾಯಿತು.

2024ರ ಫೆಬ್ರವರಿಯಲ್ಲಿ ಡೇ ಕೈಗೊಂಡ ಕ್ರಮ, 2017ರಲ್ಲಿ ಮೇಯರ್ ಕೈಗೊಂಡದ್ದಕ್ಕೆ ಸಮೀಪದ್ದು. ಯುಸಿಎಲ್‌ಎ ತಂಡದ ಮುಖ್ಯ ತರಬೇತುದಾರರಾಗಿದ್ದ ತಮ್ಮ ಗುರು ಚಿಪ್ ಕೆಲ್ಲಿಯವರನ್ನೇ ದಾಳಿ ಸಂಯೋಜಕರಾಗಿ, ಕ್ವಾರ್ಟರ್‌ಬ್ಯಾಕ್ ಕೋಚ್ ಆಗಿ ಕರೆತಂದು ಆಟ ಕರೆಯುವ ಅಧಿಕಾರವನ್ನು ಅವರಿಗೆ ಬಿಟ್ಟುಕೊಟ್ಟರು. ಕ್ಯಾನ್ಸಸ್ ಸ್ಟೇಟ್‌ನಿಂದ ಬಂದ ವಿಲ್ ಹೋವರ್ಡ್ ಆ ವರ್ಷ ಕ್ವಾರ್ಟರ್‌ಬ್ಯಾಕ್. ಮಿಷಿಗನ್‌ಗೆ ಮತ್ತೆ 13–10ರಿಂದ ಸೋತ ತಂಡ ಪ್ಲೇಆಫ್‌ನಲ್ಲಿ ನಾಲ್ಕಕ್ಕೆ ನಾಲ್ಕೂ ಗೆದ್ದು, 2025ರ ಜನವರಿ 20ರಂದು ಅಟ್ಲಾಂಟಾದಲ್ಲಿ ನೋಟರ್ ಡೇಮ್ ತಂಡವನ್ನು 34–23ರಿಂದ ಸೋಲಿಸಿ ರಾಷ್ಟ್ರೀಯ ಪ್ರಶಸ್ತಿ ಪಡೆಯಿತು. ಕೆಲವೇ ವಾರಗಳಲ್ಲಿ ಕೆಲ್ಲಿ ಲಾಸ್ ವೇಗಸ್ ರೇಡರ್ಸ್ ತಂಡಕ್ಕೆ ಹೋದರು. ಮತ್ತೆ ಖಾಲಿಯಾದ ಕ್ವಾರ್ಟರ್‌ಬ್ಯಾಕ್ ಕೋಚ್ ಹುದ್ದೆಗೆ ಡೇ ಈ ಬಾರಿ ಹೊರಗಿನವರನ್ನು ಕರೆಯದೆ, ತಂಡದ ವಿಶ್ಲೇಷಕರಾಗಿದ್ದ ಬಿಲ್ಲಿ ಫೆಸ್ಲರ್ ಅವರನ್ನು ಏರಿಸಿದರು.